ಮೊದಲು ಮಾತು, ದುಡ್ಡು ಆಮೇಲೆ

ಅಂತ್ಯಸಂಸ್ಕಾರ ಸೇವೆ ನಡೆಸುವ ನಮ್ಮಂಥವರು ಸೇರಿದಾಗಲೆಲ್ಲ ಒಂದು ಪ್ರಶ್ನೆ ಬಂದೇ ಬರುತ್ತದೆ. ಜನ ಚೆನ್ನಾಗಿರುವಾಗಲೇ ಬಂದು, ತಮ್ಮ ಅಂತ್ಯಕ್ರಿಯೆ ಹೇಗಿರಬೇಕು ಅಂತ ಹೇಳಿ ಹೋಗುವಂತೆ ಮಾಡುವುದು ಹೇಗೆ? ಕಂತಿನ ಸ್ಕೀಮ್ ಮಾಡೋಣ, ರಿಯಾಯಿತಿ ಕೊಡೋಣ, ಒಳ್ಳೆಯ ಕರಪತ್ರ ಮಾಡಿಸೋಣ ಅಂತ ಸಲಹೆಗಳು ಬರುತ್ತವೆ. ನನಗೆ ಇದರಲ್ಲಿ ನಂಬಿಕೆ ಕಡಿಮೆ. ಯೋಜನೆಯೇ ಬೇರೆ, ಪಾವತಿಯೇ ಬೇರೆ. ಮೊದಲು ಇವೆರಡನ್ನೂ ಬಿಡಿಸಿ ಇಡಬೇಕು. ಜನ ಸಾವಿನ ಮಾತಿಗೆ ಹೆದರುತ್ತಾರೆ ನಿಜ. ಆದರೆ ಆ ಮಾತು ತೆಗೆದವನು ಇನ್ನೇನು ಬಿಲ್ ಪುಸ್ತಕ ತೆಗೆಯುತ್ತಾನೆ ಅನ್ನುವ ಹೆದರಿಕೆ ಅದಕ್ಕಿಂತ ದೊಡ್ಡದು.

ಮೊದಲೇ ಏನೂ ಮಾತಾಡದಿದ್ದರೆ ಏನಾಗುತ್ತದೆ ಅನ್ನುವುದು ನಮಗೆ ಚೆನ್ನಾಗಿ ಗೊತ್ತು. ಸುಡುವುದೋ ಹೂಳುವುದೋ, ಯಾರು ಬರುವವರೆಗೆ ಕಾಯಬೇಕು, ಯಾರಿಗೆ ಹೇಳಬೇಕು, ಯಾರಿಗೆ ಹೇಳಬಾರದು, ಎಲ್ಲವೂ ಕೆಲವೇ ಗಂಟೆಗಳಲ್ಲಿ ತೀರ್ಮಾನ ಆಗಬೇಕು. ತೀರ್ಮಾನ ಮಾಡಬೇಕಾದವರು ನಿದ್ದೆಗೆಟ್ಟಿರುತ್ತಾರೆ. ಅಣ್ಣ ಒಂದು ಹೇಳಿದರೆ ತಂಗಿ ಇನ್ನೊಂದು ಹೇಳುತ್ತಾಳೆ. ‘ಅಪ್ಪನಿಗೆ ನಾವೇ ಕಡಿಮೆ ಮಾಡಿದೆವು ಅಂತ ಆಗಬಾರದು’ ಅಂತ ದುಬಾರಿ ಪೆಟ್ಟಿಗೆಯ ಕಡೆ ಕೈ ತೋರಿಸುತ್ತಾರೆ. ಆ ಅಪ್ಪ ಬದುಕಿದ್ದಾಗ ಒಂದು ಮಾತು ಹೇಳಿದ್ದರೆ ಅಷ್ಟು ಖರ್ಚು ಆಗುತ್ತಲೇ ಇರಲಿಲ್ಲ. ಇದರಿಂದ ನಮಗೆ ಲಾಭವೂ ಇದೆ, ಅಲ್ವಾ? ಹಾಗಾಗಿಯೇ ಮುಂಗಡ ಯೋಜನೆ ಮಾಡಿ ಅಂತ ನಾವು ಹೇಳಿದಾಗ ಜನ ಅನುಮಾನದಿಂದ ನೋಡುತ್ತಾರೆ.

ಆ ಅನುಮಾನ ಹೋಗಬೇಕಾದರೆ ಹಣಕ್ಕೆ ಸಂಬಂಧವೇ ಇಲ್ಲದ ವಿಷಯದಿಂದ ಮಾತು ಶುರುವಾಗಬೇಕು. ಅಂಥವು ಬೇಕಾದಷ್ಟಿವೆ. ಕಣ್ಣು ದಾನ ಮಾಡಬೇಕೆಂದರೆ ಸಾಮಾನ್ಯವಾಗಿ 6 ಗಂಟೆಯೊಳಗೆ ಆಗಬೇಕು ಅನ್ನುತ್ತಾರೆ. ಅಷ್ಟರಲ್ಲಿ ಯಾರಿಗೆ ಫೋನ್ ಮಾಡಬೇಕು ಅನ್ನುವುದೇ ಮನೆಯವರಿಗೆ ಗೊತ್ತಿರುವುದಿಲ್ಲ. ಇಡೀ ದೇಹ ದಾನ ಮಾಡುತ್ತೇನೆ ಅಂತ ಫಾರಂ ತುಂಬಿದವರು, ಕೆಲಸ ಮುಗಿಯಿತು ಅಂದುಕೊಳ್ಳುತ್ತಾರೆ. ಆದರೆ ಮರಣೋತ್ತರ ಪರೀಕ್ಷೆ ಆಗಿದ್ದರೆ, ಕೆಲವು ಸೋಂಕು ರೋಗಗಳಿದ್ದರೆ, ತುಂಬ ತಡವಾದರೆ, ದೇಹ ತೆಗೆದುಕೊಳ್ಳಬೇಕಾದ ವೈದ್ಯಕೀಯ ಕಾಲೇಜಿನವರು ಬೇಡ ಅನ್ನಬಹುದು. ಆಗ ಏನು ಮಾಡಬೇಕು ಅನ್ನುವ ಎರಡನೇ ದಾರಿಯನ್ನೂ ಅದೇ ಹಾಳೆಯಲ್ಲಿ ಬರೆದಿಡಬೇಕು. ಎದೆಯಲ್ಲಿ ಪೇಸ್‌ಮೇಕರ್ ಇದ್ದರೆ ಸುಡುವ ಮೊದಲು ತೆಗೆಯಲೇಬೇಕು. ಬಿಸಿಗೆ ಅದರ ಬ್ಯಾಟರಿ ಸಿಡಿಯುತ್ತದೆ. ಇದನ್ನು ಆ ಹೊತ್ತಿನಲ್ಲಿ ನೆನಪಿಟ್ಟುಕೊಂಡು ನಮಗೆ ಹೇಳುವವರು ಕಡಿಮೆ. ನಾವೇ ಕೇಳಬೇಕು. ಇಂಥ ನಾಲ್ಕು ವಿಷಯ ಹೇಳಿ ನೋಡಿ. ‘ಅಯ್ಯೋ, ಇದು ನಮಗೆ ಗೊತ್ತೇ ಇರಲಿಲ್ಲ’ ಅಂತ ಕುರ್ಚಿ ಹತ್ತಿರ ಎಳೆದುಕೊಳ್ಳುತ್ತಾರೆ.

ಯಾವಾಗ ಮಾತಾಡಬೇಕು? ಆಸ್ಪತ್ರೆಯ ಮಂಚದ ಪಕ್ಕದಲ್ಲಂತೂ ಬೇಡ. ಹೊಸದಾಗಿ ಒಬ್ಬರನ್ನು ಕಳೆದುಕೊಂಡ ಮನೆಗೆ ತಿಂಗಳೊಳಗೆ ಕರಪತ್ರ ಕಳಿಸುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ಆ ಮನೆಯವರಿಗೆ ಮುಂಗಡ ಯೋಜನೆಯ ಬೆಲೆ ನಾವು ಹೇಳಿಕೊಡಬೇಕಾಗಿಲ್ಲ. ಬೇಕಾದಾಗ ಅವರೇ ಬರುತ್ತಾರೆ, ಬಂದಾಗ ಸಿಗುವಂತೆ ಇದ್ದರೆ ಸಾಕು. ಒಳ್ಳೆಯ ಜಾಗ ಅಂದರೆ ಹಿರಿಯ ನಾಗರಿಕರ ಸಂಘಗಳು, ನಿವೃತ್ತರ ಕೂಟಗಳು, ವಿಲ್ ಬರೆಸಿಕೊಡುವ ವಕೀಲರ ಕಚೇರಿ. ಅಲ್ಲಿ ಅರ್ಧ ಗಂಟೆ ಮಾತಾಡಿ, ಪ್ರಶ್ನೆ ಕೇಳಲು ಬಿಡಿ, ಖಾಲಿ ಫಾರಂ ಕೊಟ್ಟು ಬನ್ನಿ. ಫೋನ್ ನಂಬರ್ ಕೇಳಬೇಡಿ. ವಯಸ್ಸಾದವರು ಈ ವಿಷಯ ತೆಗೆದರೆ ಸಾಮಾನ್ಯವಾಗಿ ಬಾಯಿ ಮುಚ್ಚಿಸುವವರು ಮಕ್ಕಳೇ. ‘ಬಿಡ್ತು ಅನ್ನಮ್ಮ, ಈಗ್ಯಾಕೆ ಆ ಮಾತು’ ಅಂತ. ಅದಕ್ಕೆ ಸಾಧ್ಯವಾದರೆ ಮಗನನ್ನೋ ಮಗಳನ್ನೋ ಜೊತೆಯಲ್ಲಿ ಕರೆದುಕೊಂಡು ಬನ್ನಿ ಅಂತ ಹೇಳಿ. ‘ನಿಮ್ಮ ಅಂತ್ಯಕ್ರಿಯೆ ಹೇಗಿರಬೇಕು’ ಅಂತ ನೇರ ಕೇಳಿದರೆ ಮಾತು ನಿಂತುಹೋಗುತ್ತದೆ. ‘ಮಕ್ಕಳಲ್ಲಿ ಒಮ್ಮತ ಬರದಿದ್ದರೆ ಯಾರ ಮಾತು ನಡೆಯಬೇಕು’ ಅಂತ ಕೇಳಿ. ಅದಕ್ಕೆ ಎಲ್ಲರ ಹತ್ತಿರವೂ ಉತ್ತರ ಇರುತ್ತದೆ, ಕೆಲವೊಮ್ಮೆ ಮಕ್ಕಳು ಊಹಿಸದ ಉತ್ತರ.

ಫಾರಂ ಒಂದೇ ಪುಟ ಇರಲಿ. ತೀರ್ಮಾನ ಮಾಡುವವರ ಹೆಸರು, ಸುಡುವುದೋ ಹೂಳುವುದೋ ದಾನವೋ, ಯಾವ ವಿಧಿ ಅಥವಾ ವಿಧಿಯೇ ಬೇಡವೋ, ಖರ್ಚಿನ ಮಿತಿ, ತಿಳಿಸಬೇಕಾದವರ ಪಟ್ಟಿ, ಮರಣ ಪ್ರಮಾಣಪತ್ರಕ್ಕೆ ಬೇಕಾಗುವ ವಿವರಗಳು. ಇದಿಷ್ಟೇ ಸಾಕು. ‘ಇದು ಖಂಡಿತ ಬೇಡ’ ಅಂತ ಒಂದು ಜಾಗ ಬಿಡಿ. ಬೇಕಾದ್ದನ್ನು ಬರೆಯಲು ತಡವರಿಸುವವರು ಬೇಡವಾದದ್ದನ್ನು ಸರಸರನೆ ಬರೆಯುತ್ತಾರೆ. ‘ಇದನ್ನು ಮನೆಯವರಿಗೇ ಬಿಟ್ಟಿದ್ದೇನೆ’ ಅನ್ನುವ ಜಾಗವೂ ಇರಲಿ. ಯಾವ ಹೂವು, ಯಾವ ಹಾಡು, ಯಾರು ಎಲ್ಲಿ ನಿಲ್ಲಬೇಕು ಅಂತ ಎಲ್ಲವನ್ನೂ ಬರೆದಿಟ್ಟವರ ಮನೆಯಲ್ಲಿ, ಮಕ್ಕಳಿಗೆ ತಮ್ಮ ಕೈಯಾರೆ ಮಾಡಲು ಏನೂ ಉಳಿದಿರುವುದಿಲ್ಲ. ಅದೂ ಒಂದು ಥರದ ಕಷ್ಟವೇ.

ಆ ಹಾಳೆ ಎಲ್ಲಿರಬೇಕು ಅನ್ನುವುದು ತುಂಬ ಮುಖ್ಯ. ಜನ ಜಾಣತನ ಅಂದುಕೊಂಡು ವಿಲ್ ಒಳಗೆ ಬರೆದಿಡುತ್ತಾರೆ. ವಿಲ್ ತೆಗೆದು ಓದುವ ಹೊತ್ತಿಗೆ ಸಾಮಾನ್ಯವಾಗಿ ಎಲ್ಲ ಮುಗಿದಿರುತ್ತದೆ. ಬ್ಯಾಂಕ್ ಲಾಕರ್ ಇನ್ನೂ ಕೆಟ್ಟದ್ದು, ಸಾವು ಭಾನುವಾರ ರಾತ್ರಿ ಬಂದರೆ ಅದನ್ನು ತೆಗೆಯುವವರು ಯಾರು? ಒಂದು ಪ್ರತಿ ಮನೆಯಲ್ಲಿ ಕೈಗೆ ಸಿಗುವ ಕಡೆ, ಒಂದು ತೀರ್ಮಾನ ಮಾಡುವವರ ಹತ್ತಿರ, ಒಂದು ಅವರ ಫೋನಿನಲ್ಲಿ ಫೋಟೊ. ನಮ್ಮ ಹತ್ತಿರ ಇಡಲೇಬೇಕು ಅಂತೇನಿಲ್ಲ. ಬೇರೆ ಕಡೆ ಹೋಗುವ ಸ್ವಾತಂತ್ರ್ಯ ತಮಗಿದೆ ಅಂತ ಗೊತ್ತಿರುವವರೇ ನಮ್ಮ ಹತ್ತಿರ ಉಳಿಯುವುದು ಜಾಸ್ತಿ.

ಇನ್ನು ದುಡ್ಡು. ಕೆಲವರಿಗೆ ಮುಂಚೆಯೇ ಕಟ್ಟಿಬಿಡಬೇಕು ಅನ್ನಿಸುತ್ತದೆ, ಮಕ್ಕಳಿಗೆ ಹೊರೆ ಆಗಬಾರದು ಅಂತ. ಕಟ್ಟಲಿ, ಆದರೆ ಮೊದಲು ಬಿಡಿಬಿಡಿಯಾದ ದರಪಟ್ಟಿ ಕೈಗೆ ಕೊಡಿ. ಅಮೆರಿಕದಲ್ಲಿ 1984ರಿಂದ ಇದು ನಿಯಮವೇ ಆಗಿದೆ. ಬಂದು ಕೇಳಿದ ಯಾರಿಗೇ ಆದರೂ ದರಪಟ್ಟಿ ಕೊಡಬೇಕು, ಫೋನಿನಲ್ಲಿ ಕೇಳಿದರೂ ಬೆಲೆ ಹೇಳಬೇಕು. ನಿಯಮ ಇಲ್ಲದ ಕಡೆಯೂ ಹೀಗೆ ಮಾಡಲು ಯಾರೂ ತಡೆಯುವುದಿಲ್ಲ. ಆಮೇಲೆ ಮೂರು ವಿಷಯ ಬಾಯಿಬಿಟ್ಟು ಹೇಳಬೇಕು. ಇವತ್ತಿನ ಬೆಲೆಗೆ ಮುಂದೆಯೂ ಮಾಡಿಕೊಡುತ್ತೇವೋ, ಇಲ್ಲಾ ಕಟ್ಟಿದ ಹಣ ಬರೀ ಮುಂಗಡವೋ? ಚಿತಾಗಾರದ ಶುಲ್ಕ, ಪುರೋಹಿತರ ಖರ್ಚು, ಪತ್ರಿಕೆ ಪ್ರಕಟಣೆ, ಇಂಥ ಬೇರೆಯವರಿಗೆ ಹೋಗುವ ಹಣ ಇದರಲ್ಲಿ ಸೇರಿದೆಯೋ ಇಲ್ಲವೋ? ಊರು ಬಿಟ್ಟರೆ ಅಥವಾ ಮನಸ್ಸು ಬದಲಾದರೆ ಎಷ್ಟು ವಾಪಸ್ ಸಿಗುತ್ತದೆ? ಜಗಳಗಳೆಲ್ಲ ಬಹುಪಾಲು ಈ ಮೂರರಲ್ಲೇ.

ಹಣ ಎಲ್ಲಿರುತ್ತದೆ ಅನ್ನುವುದನ್ನು ಕಾಗದದಲ್ಲೇ ಬರೆದುಕೊಡಿ. ಅದು ನಮ್ಮ ವ್ಯಾಪಾರದ ಖಾತೆಯಲ್ಲಿ ಇರಲೇಬಾರದು. ಪ್ರತ್ಯೇಕ ಟ್ರಸ್ಟ್‌ನಲ್ಲೋ ವಿಮೆಯಲ್ಲೋ ಇರಬೇಕು. ಬ್ರಿಟನ್‌ನಲ್ಲಿ 2022ರ ಮಾರ್ಚ್‌ನಲ್ಲಿ ಇಂಥ ಯೋಜನೆ ಮಾರುತ್ತಿದ್ದ ಒಂದು ಕಂಪನಿ ಮುಳುಗಿತು. ಸುಮಾರು 46 ಸಾವಿರ ಜನ ಅದನ್ನು ನಂಬಿ ಹಣ ಕಟ್ಟಿದ್ದರು. ಅದೇ ವರ್ಷ ಜುಲೈ 29ರಿಂದ ಅಲ್ಲಿನ ಹಣಕಾಸು ನಿಯಂತ್ರಕರು ಈ ವ್ಯವಹಾರವನ್ನು ತಮ್ಮ ಹಿಡಿತಕ್ಕೆ ತಂದರು. ಗೊತ್ತಿಲ್ಲದವರಿಗೆ ಸುಮ್ನೆ ಫೋನ್ ಮಾಡಿ ಮಾರುವುದು ನಿಂತಿತು, ಮಧ್ಯವರ್ತಿಗಳ ಕಮಿಷನ್ನೂ ನಿಂತಿತು. ಇದರಲ್ಲಿ ಎರಡನೆಯದು ನನಗೆ ಹೆಚ್ಚು ಮುಖ್ಯ ಅನ್ನಿಸುತ್ತದೆ. ಮಾರಿದ ಯೋಜನೆಗೆ ಇಷ್ಟು ಅಂತ ಹುಡುಗರಿಗೆ ಕಮಿಷನ್ ಇಟ್ಟರೆ, ಅವರು ಎಷ್ಟೇ ಒಳ್ಳೆಯವರಾದರೂ ಮಾತು ಮಾರಾಟದ ಕಡೆಗೇ ಜಾರುತ್ತದೆ. ಸಂಬಳ ಸ್ವಲ್ಪ ಜಾಸ್ತಿ ಕೊಡಿ, ಕಮಿಷನ್ ತೆಗೆದುಬಿಡಿ.

ಇಷ್ಟೆಲ್ಲ ಮಾಡಿದ ಮೇಲೂ ಒಂದು ಕೆಲಸ ಬಾಕಿ ಇರುತ್ತದೆ, ಅದು ನಮ್ಮ ಕಚೇರಿಯೊಳಗಿನದು. ರಾತ್ರಿ ಫೋನ್ ಎತ್ತುವ ಸಿಬ್ಬಂದಿಗೆ ಈ ಫೈಲುಗಳು ಕೂಡಲೇ ಸಿಗಬೇಕು. ಹೆಸರು ಕೇಳಿದ ತಕ್ಷಣ ‘ಅವರು ನಮ್ಮಲ್ಲಿ ಬರೆದಿಟ್ಟಿದ್ದಾರಾ’ ಅಂತ ನೋಡುವುದು ಮೊದಲ ಕೆಲಸ ಆಗಬೇಕು. ಫೋನ್ ಮಾಡಿದವರಿಗೆ ಆ ಹಾಳೆಯ ವಿಷಯ ಗೊತ್ತಿಲ್ಲದೆಯೂ ಇರಬಹುದು. ಆಗ ತೀರ್ಮಾನ ಮಾಡಬೇಕಾದವರು ಯಾರು ಅಂತ ನೋಡಿ, ಮೊದಲು ಅವರಿಗೆ ಫೋನ್ ಮಾಡಿ. ಹಾಳೆ ಬರೆದು ತುಂಬ ವರ್ಷ ಆಗಿದ್ದರೆ ಆ ಹೆಸರಿನವರೇ ಈಗ ಇಲ್ಲದಿರಬಹುದು. ಅದಕ್ಕೇ ಎರಡು ಮೂರು ವರ್ಷಕ್ಕೊಮ್ಮೆ ‘ಏನಾದರೂ ಬದಲಾಗಿದೆಯಾ’ ಅಂತ ಒಂದು ಕಾಗದ ಹಾಕಿ. ಆ ಕಾಗದದಲ್ಲಿ ಹೊಸ ಸ್ಕೀಮಿನ ಸುದ್ದಿ ಬೇಡ.