ದಾರಿ ತಪ್ಪುವ ಇರುವೆಯನ್ನು ತಿದ್ದಬೇಡಿ

ಒಟ್ಟಾಗಿ ಕೆಲಸ ಮಾಡುವ ರೋಬೊಗಳ ಹಿಂಡು ಮಾಡಿಸಲು ನಮ್ಮ ಲ್ಯಾಬಿಗೆ ಬರುವವರೆಲ್ಲರ ಬೇಡಿಕೆ ಒಂದೇ: "ಸಾರ್, ಒಂದೂ ಅಡ್ಡಾದಿಡ್ಡಿ ಹೋಗಬಾರದು." ಸ್ವಲ್ಪ ಹೋಗಲಿ ಬಿಡಿ ಅಂದರೆ ಮುಖ ಸಪ್ಪಗಾಗುತ್ತದೆ.

ಮೊನ್ನೆ ನಮ್ಮ ಅಡುಗೆ ಕಟ್ಟೆಯ ಮೇಲಿನ ಬೆಲ್ಲದ ಡಬ್ಬಿಗೆ ಇರುವೆ ಸಾಲು ಹತ್ತಿತ್ತು. ದೂರದಿಂದ ಗೆರೆ ಎಳೆದ ಹಾಗಿತ್ತು. ಬಗ್ಗಿ ನೋಡಿದರೆ ಒಂದೆರಡು ಸುಮ್ನೆ ಆಚೀಚೆ ಅಲೆಯುತ್ತಿದ್ದವು. ಅಮ್ಮ ಡಬ್ಬಿಯನ್ನು ನೀರು ತುಂಬಿದ ತಟ್ಟೆಯಲ್ಲಿಟ್ಟರು. ಸಾಲು ಚೆದುರಿತು. ಕಾಫಿ ಕುಡಿದು ಬರುವಷ್ಟರಲ್ಲಿ ಹೊಸ ಸಾಲು, ಈ ಸಲ ಬಾಳೆಹಣ್ಣಿನ ಸಿಪ್ಪೆಗೆ. ಅದನ್ನು ಮೊದಲು ಮುಟ್ಟಿದ್ದು ಅಲೆಮಾರಿಯೇ.

ಅಲೆಮಾರಿಗಳೇ ಇಲ್ಲದಿದ್ದರೆ? ಅಮೆರಿಕದ ಜೀವವಿಜ್ಞಾನಿ ವಿಲಿಯಂ ಬೀಬಿ ಗಯಾನಾದ ಕಾಡಿನಲ್ಲಿ ದಂಡಿನಿರುವೆಗಳ (ದಂಡು ಕಟ್ಟಿ ಸಾಗುವ ಇರುವೆಗಳು) ಒಂದು ಚಕ್ರ ಕಂಡಿದ್ದರು. ಮುಂದಿನದರ ವಾಸನೆ ಹಿಡಿದು ಹಿಂದಿನದು. ಸುತ್ತಳತೆ ಸುಮಾರು 1,200 ಅಡಿ, ಒಂದು ಸುತ್ತಿಗೆ ಎರಡೂವರೆ ಗಂಟೆ. ಹೆಚ್ಚಿನವು ಹಾಗೇ ಸುತ್ತಿ ಸುತ್ತಿ ಸತ್ತವು. ಶಿಸ್ತಿಗೇನೂ ಕೊರತೆಯಿರಲಿಲ್ಲ, ಅಲ್ವಾ?

ರೋಬೊಗಳೂ ಹೀಗೆಯೇ. ಎರಡು ಎದುರುಬದುರಾದವು ಅನ್ನಿ. ಎರಡರಲ್ಲೂ ಒಂದೇ ಪ್ರೋಗ್ರಾಂ. ಒಟ್ಟಿಗೆ ನಿಲ್ಲುತ್ತವೆ, ಎರಡು ಸೆಕೆಂಡ್ ಕಾಯುತ್ತವೆ, ಒಟ್ಟಿಗೆ ಹೊರಡುತ್ತವೆ, ಮತ್ತೆ ನಿಲ್ಲುತ್ತವೆ. ಬಾಗಿಲಲ್ಲಿ "ನೀವು ಮೊದಲು, ನೀವು ಮೊದಲು" ಅನ್ನುವ ಬೀಗರ ಹಾಗೆ. ನಮ್ಮಲ್ಲಿ ಒಂದು ಜೋಡಿ ಬ್ಯಾಟರಿ ಮುಗಿಯುವ ತನಕ ಹೀಗೇ ಮಾಡಿತು. ಎಷ್ಟು ಹೊತ್ತು ಕಾಯಬೇಕೆಂದು ಪ್ರತಿ ಸಲ ದಾಳ ಉರುಳಿಸಿ ನೋಡು ಎಂದು ಒಂದು ಸಾಲು ಸೇರಿಸಿದೆವು. ಅಷ್ಟೇ, ದಾರಿ ಬಿಟ್ಟುಕೊಂಡವು.

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ (ಐಐಎಸ್‌ಸಿ) ವಿಶ್ವೇಶ ಗುತ್ತಲ ಅವರ ತಂಡ 2020ರಲ್ಲಿ ಇನ್ನೂ ಸೊಗಸಾದ ವಿಷಯ ಪ್ರಕಟಿಸಿತು. ಕೇರಳದವರು ಕರಿಮೀನು ಅನ್ನುತ್ತಾರಲ್ಲ, ಆ ಮೀನಿನ ಮರಿಗಳ ಮೇಲಿನ ಕೆಲಸ. ಮೀನು ಅಕ್ಕಪಕ್ಕದವರೆಲ್ಲರ ದಿಕ್ಕಿನ ಸರಾಸರಿ ತೆಗೆದು ತಿರುಗುತ್ತದೆ ಎಂದು ನಾವು ನಂಬಿದ್ದೆವು. ಅಲ್ಲ, ಯಾವುದೋ ಒಂದು ಮೀನನ್ನು ನೋಡಿ ಅದು ಹೋದ ಕಡೆ ತಿರುಗುತ್ತದೆ, ಅಷ್ಟೇ. ಆಗಾಗ ತನ್ನಿಷ್ಟಕ್ಕೂ ತಿರುಗುತ್ತದೆ. ಗುಂಪು ಚಿಕ್ಕದಾದಷ್ಟೂ ಈ ಆಕಸ್ಮಿಕವೇ ಎಲ್ಲವನ್ನೂ ಒಂದೇ ದಿಕ್ಕಿಗೆ ತಿರುಗಿಸುತ್ತದೆ. ನೂರು ರೋಬೊಗಳ ಸುದ್ದಿಯನ್ನು ಪ್ರತಿಯೊಂದರ ತಲೆಗೂ ತುಂಬಲು ದುಡ್ಡು ಸುರಿಯುವವರು ಇದನ್ನು ಸ್ವಲ್ಪ ಯೋಚಿಸಬೇಕು.

ಹಾಗಂತ ಎಲ್ಲ ಕಡೆ ದಾಳ ಉರುಳಿಸಿ ಅನ್ನುತ್ತಿಲ್ಲ. ಜನರ ತಲೆಯ ಮೇಲೆ ಹಾರುವ ಡ್ರೋನ್ ಡಿಕ್ಕಿ ತಪ್ಪಿಸುವಾಗ ಅದೃಷ್ಟ ನಂಬಬಾರದು. ಅಲೆದಾಟ ಜಾಸ್ತಿಯಾದರೆ ಹಿಂಡೇ ಚೆದುರುತ್ತದೆ. ಎಷ್ಟು ಬೇಕೆಂಬುದನ್ನು ಆಯಾ ಜಾಗದಲ್ಲಿ ಓಡಿಸಿಯೇ ಹೇಳಬೇಕು.

ಇಷ್ಟೆಲ್ಲ ಕೇಳಿದ ಗೋದಾಮಿನ ಮಾಲೀಕರೊಬ್ಬರು ಒಪ್ಪಿಕೊಂಡರು. ಆಮೇಲೆ ಫೋನ್ ಮಾಡಿದರು: "ಸಾರ್, ಅಲೆಯುವ ರೋಬೊ ಯಾವ್ಯಾವುದು ಅಂತ ಮೊದಲೇ ಹೇಳಿಬಿಡಿ, ಕೆಂಪು ಸ್ಟಿಕ್ಕರ್ ಅಂಟಿಸಿಡ್ತೀನಿ."