ಮನೆ ಎಲ್ಲೋ ಟೀಮು ಅಲ್ಲೇ: ಆಸ್ಟ್ರೇಲಿಯಾದ ಕ್ಲಬ್ ಕ್ರಿಕೆಟ್ ತನ್ನವರನ್ನು ನೆನಪಿಟ್ಟುಕೊಂಡ ಬಗೆ

2018ರ ಕೇಪ್‌ಟೌನ್ ಟೆಸ್ಟ್‌ನಲ್ಲಿ ಆಸ್ಟ್ರೇಲಿಯಾದವರು ಚೆಂಡನ್ನು ಕೆಡಿಸಲು ಹೋಗಿ ಸಿಕ್ಕಿಬಿದ್ದ ಸ್ಯಾಂಡ್‌ಪೇಪರ್ ಹಗರಣ ಯಾರಿಗೆ ನೆನಪಿಲ್ಲ ಹೇಳಿ? ಸ್ಟೀವ್ ಸ್ಮಿತ್, ಡೇವಿಡ್ ವಾರ್ನರ್‌ಗೆ ಒಂದು ವರ್ಷ, ಕ್ಯಾಮರನ್ ಬ್ಯಾನ್‌ಕ್ರಾಫ್ಟ್‌ಗೆ ಒಂಬತ್ತು ತಿಂಗಳು ನಿಷೇಧ ಬಿತ್ತು. ದೇಶಕ್ಕೂ ಆಡುವಂತಿಲ್ಲ, ರಾಜ್ಯಕ್ಕೂ ಆಡುವಂತಿಲ್ಲ. ಆದರೆ ಆ ಆದೇಶದಲ್ಲಿ ಇನ್ನೊಂದು ಮಾತಿತ್ತು, ಅದು ಅಷ್ಟಾಗಿ ಯಾರ ಕಣ್ಣಿಗೂ ಬೀಳಲಿಲ್ಲ. ಮೂವರೂ ಕ್ಲಬ್ ಕ್ರಿಕೆಟ್ ಆಡಬಹುದು, ಆಡಿದರೆ ಒಳ್ಳೆಯದು ಎಂದು ಅಲ್ಲಿನ ಕ್ರಿಕೆಟ್ ಮಂಡಳಿಯೇ ಹೇಳಿತ್ತು.

ಅದರಂತೆ ಸೆಪ್ಟೆಂಬರ್ 22ರ ಶನಿವಾರ ವಾರ್ನರ್, ಸ್ಮಿತ್ ಇಬ್ಬರೂ ಸಿಡ್ನಿಯಲ್ಲಿ ಪ್ಯಾಡ್ ಕಟ್ಟಿದರು. ವಾರ್ನರ್ ಆಡಿದ್ದು ಕೂಜೀ ಓವಲ್‌ನಲ್ಲಿ, ರ್‍ಯಾಂಡ್ವಿಕ್ ಪೀಟರ್‌ಶ್ಯಾಮ್ ಪರವಾಗಿ. ಎದುರಾಳಿ ಸೇಂಟ್ ಜಾರ್ಜ್. ಔಟಾಗದೆ 155 ಹೊಡೆದರು. ಸ್ಮಿತ್ ತಮ್ಮ ಹಳೆಯ ಕ್ಲಬ್ ಸದರ್‌ಲ್ಯಾಂಡ್‌ಗೆ ಆಡಿ ಮೋಸ್ಮನ್ ವಿರುದ್ಧ 85 ಮಾಡಿದರು. ಆ ಮೈದಾನದ ಹೆಸರು ಗ್ಲೆನ್ ಮೆಗ್ರಾ ಓವಲ್.

ವಿಶ್ವದ ನಂಬರ್ ಒನ್ ಆಗಿದ್ದ ಬ್ಯಾಟರ್‌ಗೆ ವಾರವಿಡೀ ಆಫೀಸು, ಕಾಲೇಜು ಎಂದು ಓಡಾಡುವ ಹುಡುಗರು ಬೌಲ್ ಮಾಡುತ್ತಾರೆ. ನೋಡುವವರಿಗೆ ಇದು ವಿಚಿತ್ರ ಅನ್ನಿಸಬಹುದು. ಅಲ್ಲಿನವರಿಗೆ ಹಾಗೇನೂ ಅನ್ನಿಸುವುದಿಲ್ಲ. ತಪ್ಪು ಮಾಡಿದವರನ್ನು ಎಲ್ಲಿಗೆ ಕಳಿಸಬೇಕು ಎಂಬ ಪ್ರಶ್ನೆ ಬಂದಾಗ ಮಂಡಳಿಗೆ ಹೊಳೆದ ಜಾಗ ಕ್ಲಬ್ಬೇ. ಯಾಕೆ ಅಂತ ತಿಳಿಯಬೇಕಾದರೆ 1893ಕ್ಕೆ ಹೋಗಬೇಕು.

ಅದಕ್ಕೂ ಮೊದಲು ಸಿಡ್ನಿಯಲ್ಲಿ ಯಾರು ಬೇಕಾದರೂ ಯಾವ ಕ್ಲಬ್‌ಗೆ ಬೇಕಾದರೂ ಸೇರಬಹುದಿತ್ತು. ಪರಿಣಾಮ ಗೊತ್ತಿದ್ದದ್ದೇ. ಒಂದೆರಡು ದೊಡ್ಡ ಕ್ಲಬ್‌ಗಳು ಒಳ್ಳೆಯ ಆಟಗಾರರನ್ನೆಲ್ಲ ಗುಡಿಸಿಕೊಂಡು ಹೋಗುತ್ತಿದ್ದವು. ಉಳಿದವರು ಸೋಲುವುದಕ್ಕೇ ಆಡಬೇಕಿತ್ತು. ಜನಕ್ಕೂ ಆಸಕ್ತಿ ಉಳಿಯಲಿಲ್ಲ. 1893-94ರ ಋತುವಿನಲ್ಲಿ ಹೊಸ ನಿಯಮ ಬಂತು. ಚುನಾವಣಾ ಕ್ಷೇತ್ರಗಳ ಲೆಕ್ಕದಲ್ಲಿ ನಗರವನ್ನು ಹಂಚಿದರು. ಯಾವ ಪ್ರದೇಶದಲ್ಲಿ ನಿಮ್ಮ ಮನೆ ಇದೆಯೋ ಆ ಪ್ರದೇಶದ ಕ್ಲಬ್‌ಗೇ ನೀವು ಆಡಬೇಕು. ಪ್ಯಾಡಿಂಗ್ಟನ್‌ನವನು ಪ್ಯಾಡಿಂಗ್ಟನ್‌ಗೆ, ಗ್ಲೀಬ್‌ನವನು ಗ್ಲೀಬ್‌ಗೆ. ವಿಶ್ವವಿದ್ಯಾಲಯದ ಹುಡುಗರಿಗೆ ಮಾತ್ರ ಅವರದೇ ತಂಡ. ಮೆಲ್ಬರ್ನ್ ಕೂಡ 1906-07ರಲ್ಲಿ ಇದೇ ದಾರಿ ಹಿಡಿಯಿತು.

ಇಷ್ಟೇ ನಿಯಮ. ಆದರೆ ಇದರಿಂದ ಆದದ್ದು ಸಣ್ಣದಲ್ಲ. ಕ್ಲಬ್ ಅಂದರೆ ಬಡಾವಣೆ ಅಂತಾಯಿತು. ಟೆಸ್ಟ್ ಆಟಗಾರ ಪಕ್ಕದ ಬೀದಿಯವನಾದ. ಒಂದೇ ಕ್ಲಬ್‌ನಲ್ಲಿ ಆಟದ ಮಟ್ಟ ನೋಡಿ ಫಸ್ಟ್ ಗ್ರೇಡ್, ಸೆಕೆಂಡ್ ಗ್ರೇಡ್ ಎಂದು ನಾಲ್ಕೈದು ತಂಡ; ಅದಕ್ಕೇ ಇದಕ್ಕೆ ಗ್ರೇಡ್ ಕ್ರಿಕೆಟ್ ಎಂಬ ಹೆಸರು. ಒಂದು ಪಂದ್ಯ ಎರಡು ಶನಿವಾರ ನಡೆಯುತ್ತದೆ. ಈ ಶನಿವಾರ ಔಟಾಗದೆ ಉಳಿದವನು ವಾರವಿಡೀ ಕೆಲಸಕ್ಕೆ ಹೋಗಿ, ಮುಂದಿನ ಶನಿವಾರ ಬಂದು ಇನ್ನಿಂಗ್ಸ್ ಮುಂದುವರಿಸಬೇಕು. ಆ ವಾರ ಬಡಾವಣೆಯ ಅಂಗಡಿ, ಬಸ್ಸು, ಪಬ್ಬು ಎಲ್ಲೆಡೆ ಅದೇ ಮಾತು. ನನ್ನ ಪ್ರಕಾರ ಈ ಏಳು ದಿನದ ಬಿಡುವೇ ಗ್ರೇಡ್ ಕ್ರಿಕೆಟ್‌ನ ಅರ್ಧ ಕಥೆಗಳನ್ನು ಹುಟ್ಟಿಸಿದ್ದು.

ಆ ಕಥೆಗಳಲ್ಲಿ ಮೊದಲ ಸಾಲು ಆಸ್ಟ್ರೇಲಿಯಾದ ಟೆಸ್ಟ್ ಬ್ಯಾಟರ್ ವಿಕ್ಟರ್ ಟ್ರಂಪರ್ ಅವರದು. 1903ರ ಜನವರಿ 31. ಪ್ಯಾಡಿಂಗ್ಟನ್‌ಗೂ ರೆಡ್‌ಫರ್ನ್‌ಗೂ ಪಂದ್ಯ, ರೆಡ್‌ಫರ್ನ್ ಓವಲ್‌ನಲ್ಲಿ. ಟ್ರಂಪರ್ ಮತ್ತು ಡ್ಯಾನ್ ಗೀ ಮೊದಲ ವಿಕೆಟ್‌ಗೆ 423 ಸೇರಿಸಿದರು. ಟ್ರಂಪರ್ ಒಬ್ಬರದೇ 335. ಅದೂ ಮೂರು ಗಂಟೆಯಲ್ಲಿ. ಚೆಂಡು ಬೇಲಿಯ ಆಚೆ ಹಾರಿದರೆ ಆಗ ಅಲ್ಲಿ ಆರಲ್ಲ, ಐದು ರನ್. ಅಂಥ ಐದುಗಳೇ 22, ಜೊತೆಗೆ 39 ಬೌಂಡರಿ. ಒಂದು ಹೊಡೆತವಂತೂ ರಸ್ತೆ ದಾಟಿ ಆಚೆಗಿದ್ದ ಶೂ ಕಾರ್ಖಾನೆಯ ಕಿಟಕಿ ಒಡೆಯಿತು ಎಂದು ಸಿಡ್ನಿಯಲ್ಲಿ ಇಂದಿಗೂ ಹೇಳುತ್ತಾರೆ. ಇದು ಟೆಸ್ಟ್ ಅಲ್ಲ, ರಾಜ್ಯದ ಪಂದ್ಯವೂ ಅಲ್ಲ. ದಾಖಲೆ ಪುಸ್ತಕದಲ್ಲಿ ಟ್ರಂಪರ್ ಅವರ ಪ್ರಥಮ ದರ್ಜೆ ರನ್ನುಗಳಿಗೆ ಇದು ಸೇರುವುದೇ ಇಲ್ಲ. ಆದರೂ ಜನ ಮರೆಯಲಿಲ್ಲ.

ಟ್ರಂಪರ್‌ಗೆ ಸಂಬಂಧಿಸಿದ ಇನ್ನೊಂದು ಕ್ಲಬ್ ಪಂದ್ಯದ ನೆನಪಿದೆ. ಮುಂದೆ ಟೆಸ್ಟ್ ಸ್ಪಿನ್ನರ್ ಆದ ಆರ್ಥರ್ ಮೇಲಿ ಆಗ ರೆಡ್‌ಫರ್ನ್ ಕಡೆಯ ಬಡ ಮನೆಯ ಹುಡುಗ. ಕೂಲಿ ಕೆಲಸ ಮಾಡುತ್ತ ಗೂಗ್ಲಿ ಕಲಿತವರು. ಟ್ರಂಪರ್ ಅವರ ಚಿತ್ರವನ್ನು ಗೋಡೆಗೆ ಅಂಟಿಸಿಕೊಂಡು ಬೆಳೆದವರು. ಒಂದು ಶನಿವಾರ ಅದೇ ಟ್ರಂಪರ್‌ಗೆ ಬೌಲ್ ಮಾಡುವ ಸರದಿ ಬಂತು. ಗೂಗ್ಲಿ ಹಾಕಿದರು, ಟ್ರಂಪರ್ ಮುಂದೆ ಬಂದು ತಪ್ಪಿದರು, ಸ್ಟಂಪ್ಡ್. ಖುಷಿಯಾಗಬೇಕಿತ್ತು, ಆದರೆ ಮನಸ್ಸಿಗೆ ಪಿಚ್ಚೆನಿಸಿತು ಎಂದು ಮೇಲಿ ಎಷ್ಟೋ ವರ್ಷಗಳ ಮೇಲೆ ಬರೆದುಕೊಂಡರು. ಮನೆ ವಿಳಾಸ ನೋಡಿ ತಂಡ ಹಂಚುವ ಪದ್ಧತಿ ಇಲ್ಲದಿದ್ದರೆ ಆ ಹುಡುಗನ ಕೈಗೆ ಟ್ರಂಪರ್ ಅಷ್ಟು ಬೇಗ ಸಿಗುತ್ತಿದ್ದರೇ? ಅನುಮಾನ.

ನಿಯಮ ದೊಡ್ಡವರಿಗೂ ಒಂದೇ ಆಗಿತ್ತು. ಟ್ರಂಪರ್ ಸಂಸಾರ ಸಮೇತ ಚಾಟ್ಸ್‌ವುಡ್ ಕಡೆಗೆ ಮನೆ ಬದಲಾಯಿಸಿದಾಗ ಪ್ಯಾಡಿಂಗ್ಟನ್ ಬಿಟ್ಟು ಗಾರ್ಡನ್ ಕ್ಲಬ್ ಸೇರಿದರು. 1915ರಲ್ಲಿ, 37ನೇ ವಯಸ್ಸಿಗೇ ಮೂತ್ರಪಿಂಡದ ಕಾಯಿಲೆಯಿಂದ ತೀರಿಕೊಂಡರು. ಹಳೆಯ ಬಡಾವಣೆ ತನ್ನ ಮೈದಾನಕ್ಕೆ ಟ್ರಂಪರ್ ಪಾರ್ಕ್ ಎಂದು ಹೆಸರಿಟ್ಟಿತು. ಗ್ಲೀಬ್ ಕ್ಲಬ್‌ನ ವೇಗಿ ಟಿಬ್ಬಿ ಕಾಟರ್ ಕಥೆ ಇನ್ನೂ ಬೇಸರದ್ದು. ಬ್ಯಾಟರ್‌ಗಳ ಸ್ಟಂಪ್ ಮುರಿಯುವುದಕ್ಕೆ ಹೆಸರಾಗಿದ್ದ ಅವರು 1917ರ ಅಕ್ಟೋಬರ್ 31ರಂದು ಮೊದಲ ಮಹಾಯುದ್ಧದ ಬೀರ್‌ಶೆಬಾ ಕದನದಲ್ಲಿ ಸತ್ತರು.

ಅಂದ ಹಾಗೆ, ಈ ಬಡಾವಣೆಯ ಅಭಿಮಾನವನ್ನು ಕ್ರಿಕೆಟ್ ಒಂದೇ ಬಳಸಿಕೊಳ್ಳಲಿಲ್ಲ. ಸಿಡ್ನಿಯಲ್ಲಿ ರಗ್ಬಿ ಲೀಗ್ ಶುರುವಾದಾಗ ಅದರ ತಂಡಗಳೂ ಬಡಾವಣೆ ಲೆಕ್ಕದಲ್ಲೇ ಹುಟ್ಟಿದವು. ಅದರ ಮೊದಲ ಮಾತುಕತೆಗಳು ನಡೆದದ್ದು ಟ್ರಂಪರ್ ಅವರ ಕ್ರೀಡಾ ಸಾಮಗ್ರಿಯ ಅಂಗಡಿಯಲ್ಲಿ.

ಇನ್ನು ಬ್ರಾಡ್ಮನ್. ಬೌರಲ್ ಊರಿನ 18ರ ಹುಡುಗ 1926ರ ನವೆಂಬರ್ 27ರಂದು ಸೇಂಟ್ ಜಾರ್ಜ್ ಪರ ಮೊದಲ ಬಾರಿಗೆ ಫಸ್ಟ್ ಗ್ರೇಡ್ ಆಡಿದ. ಪೀಟರ್‌ಶ್ಯಾಮ್ ಓವಲ್‌ನಲ್ಲಿ 110 ಹೊಡೆದ. ಅಲ್ಲಿಯವರೆಗೆ ಹಳ್ಳಿಯ ಪಿಚ್‌ಗಳಲ್ಲಿ ಆಡಿ ಬೆಳೆದವನು. ಶನಿವಾರ ಬೆಳಕು ಹರಿಯುವ ಮೊದಲೇ ಎದ್ದು ರೈಲು ಹಿಡಿಯಬೇಕು, ಮನೆ ಸೇರುವಾಗ ನಡುರಾತ್ರಿ. ಮುಂದೆ ಸಿಡ್ನಿಗೇ ಬಂದರು. ಮನೆ ಉತ್ತರ ಸಿಡ್ನಿಯಲ್ಲಿ ಆದ ಮೇಲೆ, 1933ರಲ್ಲಿ, ಅಷ್ಟೊತ್ತಿಗೆ ಜಗತ್ತೇ ಗುರುತಿಸುವ ಬ್ರಾಡ್ಮನ್ ಕೂಡ ಸೇಂಟ್ ಜಾರ್ಜ್ ಬಿಟ್ಟು ನಾರ್ತ್ ಸಿಡ್ನಿಗೆ ಹೋಗಬೇಕಾಯಿತು. ಮರುವರ್ಷ ಅಡಿಲೇಡ್‌ಗೆ ಹೋದ ಮೇಲೆ ಅವರ ಕ್ಲಬ್ ಕೆನ್ಸಿಂಗ್ಟನ್.

ಸೇಂಟ್ ಜಾರ್ಜ್‌ಗೆ ಬ್ರಾಡ್ಮನ್‌ಗಿಂತ ಜಾಸ್ತಿ ಆಸ್ತಿ ಬಿಟ್ಟುಹೋದವರು ಲೆಗ್ ಸ್ಪಿನ್ನರ್ ಬಿಲ್ ಓರೈಲಿ ಎಂದೇ ನನಗನ್ನಿಸುತ್ತದೆ. ಗ್ರೇಡ್ ಕ್ರಿಕೆಟ್‌ನಲ್ಲಿ 900ಕ್ಕೂ ಹೆಚ್ಚು ವಿಕೆಟ್ ಕಿತ್ತರು, ನಿಜ. ಅದಕ್ಕಿಂತ ದೊಡ್ಡದು ಅವರು ಹುಡುಗರನ್ನು ಗುರುತಿಸಿದ್ದು. ಆರ್ಥರ್ ಮಾರಿಸ್ ಕ್ಲಬ್‌ಗೆ ಬಂದದ್ದು ಎಡಗೈ ಸ್ಪಿನ್ನರ್ ಆಗಿ. ಅವರನ್ನು ಬ್ಯಾಟಿಂಗ್‌ಗೆ ತಿರುಗಿಸಿ ಓಪನರ್ ಮಾಡಿದ್ದು ಓರೈಲಿ. ರೇ ಲಿಂಡ್ವಾಲ್ ಚಿಕ್ಕವರಿದ್ದಾಗ ಓರೈಲಿ ಮನೆಗೆ ನಡೆದುಹೋಗುವ ಬೀದಿಯಲ್ಲೇ ಬೇಕೆಂದು ಆಡುತ್ತಿದ್ದರಂತೆ, ಅವರ ಕಣ್ಣಿಗೆ ಬೀಳಲಿ ಅಂತ. ಮುಂದೆ ಇಬ್ಬರೂ ಒಂದೇ ತಂಡದಲ್ಲಿ ಬೌಲ್ ಮಾಡಿದರು. 1948ರಲ್ಲಿ ಇಂಗ್ಲೆಂಡ್‌ಗೆ ಹೋಗಿ ಒಂದೂ ಪಂದ್ಯ ಸೋಲದೆ ಬಂದ ಬ್ರಾಡ್ಮನ್‌ರ ತಂಡದಲ್ಲಿ ಮಾರಿಸ್, ಲಿಂಡ್ವಾಲ್ ಇಬ್ಬರೂ ಇದ್ದರು.

ಮೆಲ್ಬರ್ನ್‌ಗೆ ಬಂದರೆ ನಿಲ್ಲಲೇಬೇಕಾದ ಜಾಗ ಸೇಂಟ್ ಕಿಲ್ಡಾ. ಶೇನ್ ವಾರ್ನ್ ಇಲ್ಲಿಯವರು ಎಂದು ಎಲ್ಲರಿಗೂ ಗೊತ್ತು. ಪ್ರಥಮ ದರ್ಜೆಯಲ್ಲಿ ಎರಡು ಸಲ 400 ದಾಟಿದ ಬಿಲ್ ಪಾನ್ಸ್‌ಫರ್ಡ್ ಕೂಡ ಇಲ್ಲಿಯವರೇ. ಆದರೆ ನನಗೆ ಇಷ್ಟವಾಗುವುದು ಅದೇ ಕ್ಲಬ್‌ನ ಇಬ್ಬರು ಹಿರಿಯ ಸ್ಪಿನ್ನರ್‌ಗಳು: ಡಾನ್ ಬ್ಲ್ಯಾಕಿ ಮತ್ತು ಬರ್ಟ್ ಐರನ್‌ಮಾಂಗರ್. ಇಬ್ಬರೂ 1882ರ ಏಪ್ರಿಲ್‌ನಲ್ಲಿ ಎರಡು ದಿನಗಳ ಅಂತರದಲ್ಲಿ ಹುಟ್ಟಿದವರು. ಇಬ್ಬರೂ ಟೆಸ್ಟ್‌ಗೆ ಕಾಲಿಟ್ಟದ್ದು 1928ರಲ್ಲಿ, 46ನೇ ವಯಸ್ಸಿನಲ್ಲಿ! ಅಷ್ಟು ವರ್ಷ ಕ್ಲಬ್ ಅವರನ್ನು ಆಟದಲ್ಲಿ ಉಳಿಸಿಕೊಂಡಿತ್ತು.

ಐರನ್‌ಮಾಂಗರ್ ನಗರಸಭೆಯ ತೋಟದ ಕೆಲಸದಲ್ಲಿದ್ದರು. ಚಿಕ್ಕಂದಿನಲ್ಲಿ ಹುಲ್ಲು ಕತ್ತರಿಸುವ ಯಂತ್ರಕ್ಕೆ ಸಿಕ್ಕಿ ಎಡಗೈ ತೋರುಬೆರಳಿನ ತುದಿ ಹೋಗಿತ್ತು. ಆ ಮೊಂಡು ಬೆರಳಿನಿಂದಲೇ ಚೆಂಡು ತಿರುಗಿಸುತ್ತಿದ್ದರು. 1932ರ ಫೆಬ್ರುವರಿಯಲ್ಲಿ ಮೆಲ್ಬರ್ನ್‌ನ ಒದ್ದೆ ಪಿಚ್‌ನಲ್ಲಿ ದಕ್ಷಿಣ ಆಫ್ರಿಕಾ 36 ಮತ್ತು 45ಕ್ಕೆ ಆಲೌಟ್ ಆಯಿತು. ಐರನ್‌ಮಾಂಗರ್ ಲೆಕ್ಕ: 6 ರನ್ನಿಗೆ 5, ಆಮೇಲೆ 18 ರನ್ನಿಗೆ 6. ಬೌಲಿಂಗ್ ಹೀಗಿದ್ದರೆ ಬ್ಯಾಟಿಂಗ್ ಬಗ್ಗೆ ಬೇರೆಯದೇ ಕಥೆ. ಪಂದ್ಯದ ಹೊತ್ತಿನಲ್ಲಿ ಅವರ ಹೆಂಡತಿ ಮೈದಾನಕ್ಕೆ ಫೋನ್ ಮಾಡಿದರಂತೆ. "ಈಗಷ್ಟೇ ಬ್ಯಾಟಿಂಗ್‌ಗೆ ಹೋದರು" ಎಂದು ಆ ಕಡೆಯವರು ಹೇಳಿದರಂತೆ. "ಹಾಗಾದರೆ ಫೋನ್ ಇಡಲ್ಲ, ಕಾಯ್ತೀನಿ" ಎಂದರಂತೆ ಆಕೆ. ನಿಜವೋ ಕಟ್ಟುಕಥೆಯೋ, ಯಾರಿಗೆ ಬೇಕು? ತೊಂಬತ್ತು ವರ್ಷದಿಂದ ಓಡುತ್ತಿದೆ.

ಈ ನೆನಪುಗಳು ಬಹುಪಾಲು ಗಂಡಸರದ್ದೇ ಎಂಬುದನ್ನು ಹೇಳಲೇಬೇಕು. ಬೆಟ್ಟಿ ವಿಲ್ಸನ್ ಹತ್ತು ವರ್ಷದವರಿದ್ದಾಗ ಕಾಲಿಂಗ್‌ವುಡ್ ಮಹಿಳಾ ಕ್ಲಬ್ ಸೇರಿದರು. 1958ರಲ್ಲಿ ಇಂಗ್ಲೆಂಡ್ ವಿರುದ್ಧ ಒಂದೇ ಟೆಸ್ಟ್‌ನಲ್ಲಿ ಶತಕ ಮತ್ತು ಹತ್ತಕ್ಕೂ ಹೆಚ್ಚು ವಿಕೆಟ್. ಅದಕ್ಕೂ ಮೊದಲು ಗಂಡಸರಾಗಲಿ ಹೆಂಗಸರಾಗಲಿ ಯಾರೂ ಮಾಡಿರದ ಸಾಧನೆ. ಒಂದು ಇನ್ನಿಂಗ್ಸ್‌ನಲ್ಲಂತೂ 7 ರನ್ನಿಗೆ 7 ವಿಕೆಟ್, ಹ್ಯಾಟ್ರಿಕ್ ಸಮೇತ. ಆ ಪಂದ್ಯ ನಡೆದದ್ದು ಸೇಂಟ್ ಕಿಲ್ಡಾ ಕ್ಲಬ್‌ನ ಜಂಕ್ಷನ್ ಓವಲ್‌ನಲ್ಲೇ. ಹೀಗಿದ್ದೂ ಪಾನ್ಸ್‌ಫರ್ಡ್ ಹೆಸರು ಗೊತ್ತಿರುವ ಎಷ್ಟೋ ಜನಕ್ಕೆ ಇವರ ಹೆಸರು ಗೊತ್ತಿಲ್ಲ.

ಎರಡನೇ ಮಹಾಯುದ್ಧ ಮುಗಿದ ಮೇಲೆ ಸಿಡ್ನಿ ಪಶ್ಚಿಮಕ್ಕೂ ದಕ್ಷಿಣಕ್ಕೂ ಬೆಳೆಯಿತು. ಹೊಸ ಬಡಾವಣೆ, ಹೊಸ ಕ್ಲಬ್. ಬ್ಯಾಂಕ್ಸ್‌ಟೌನ್‌ನಿಂದ ಜೆಫ್ ಥಾಮ್ಸನ್, ಲೆನ್ ಪ್ಯಾಸ್ಕೊ ಬಂದರು, ಆಮೇಲೆ ಅವಳಿಗಳಾದ ಸ್ಟೀವ್ ವಾ, ಮಾರ್ಕ್ ವಾ. ಮೋಸ್ಮನ್‌ನಲ್ಲಿ ಇಂಗ್ಲೆಂಡ್‌ನ ಮಾಜಿ ಆಲ್‌ರೌಂಡರ್ ಬ್ಯಾರಿ ನೈಟ್ ಕೈಯಲ್ಲಿ ಅಲನ್ ಬಾರ್ಡರ್ ಪಳಗಿದರು. ನ್ಯಾರೊಮೈನ್ ಎಂಬ ದೂರದ ಊರಿನ ಗ್ಲೆನ್ ಮೆಗ್ರಾ ಸದರ್‌ಲ್ಯಾಂಡ್‌ಗೆ ಆಡಲು ಬಂದಾಗ ಬಾಡಿಗೆ ಮನೆಯೂ ಇರಲಿಲ್ಲ, ಕ್ಯಾರವಾನ್‌ನಲ್ಲೇ ವಾಸ. ಈಗ ಅವರ ಹೆಸರಿನ ಮೈದಾನ ಅದೇ ಕ್ಲಬ್‌ನದು.

ಇದನ್ನೆಲ್ಲ ಕಾಪಾಡಿದ್ದು ಯಾರು? ಸಂಬಳವಿಲ್ಲದೆ ದುಡಿದ ಕ್ಲಬ್ ಕಾರ್ಯದರ್ಶಿಗಳು, ಸ್ಕೋರರ್‌ಗಳು. ಪ್ರತಿ ವರ್ಷ ಋತು ಮುಗಿದ ಮೇಲೆ ಕ್ಲಬ್ ವಾರ್ಷಿಕ ವರದಿ ಅಚ್ಚು ಹಾಕಿಸುತ್ತದೆ. ಅದರಲ್ಲಿ ಫಸ್ಟ್ ಗ್ರೇಡ್‌ನಿಂದ ಕೆಳಗಿನ ಗ್ರೇಡ್‌ವರೆಗೆ ಎಲ್ಲರ ರನ್ನು, ವಿಕೆಟ್, ಸರಾಸರಿ ಇರುತ್ತದೆ. ಆ ವರ್ಷ ತೀರಿಕೊಂಡ ಹಳೆಯ ಆಟಗಾರರ ಬಗ್ಗೆ ನಾಲ್ಕು ಸಾಲು ಇರುತ್ತದೆ. ಟೆಸ್ಟ್ ಆಡಿದವರ ಹೆಸರಿನ ಕೆಳಗೇ ಇಪ್ಪತ್ತು ವರ್ಷ ಥರ್ಡ್ ಗ್ರೇಡ್ ಆಡಿದ ಪೋಸ್ಟ್‌ಮ್ಯಾನ್ ಹೆಸರೂ ಬರಬಹುದು. ಬೇರೆ ಯಾವ ದಾಖಲೆಯಲ್ಲಿ ಇಬ್ಬರೂ ಒಟ್ಟಿಗೆ ಸಿಗುತ್ತಾರೆ?

ಈಗ ಈ ವ್ಯವಸ್ಥೆ ಸಡಿಲವಾಗಿದೆ. ಮನೆ ವಿಳಾಸದ ನಿಯಮ ಹಿಂದಿನ ಬಿಗಿಯಲ್ಲಿ ಉಳಿದಿಲ್ಲ. ಗುತ್ತಿಗೆ ಆಟಗಾರರಿಗೆ ವರ್ಷಪೂರ್ತಿ ಎಲ್ಲೋ ಒಂದು ಕಡೆ ಪಂದ್ಯ ಇದ್ದೇ ಇರುತ್ತದೆ, ಅವರು ಕ್ಲಬ್‌ಗೆ ಬರುವುದೇ ಅಪರೂಪ. ಟ್ರಂಪರ್ ಆಡಿದ ಪ್ಯಾಡಿಂಗ್ಟನ್, ಕಾಟರ್ ಆಡಿದ ಗ್ಲೀಬ್ ಹೆಸರುಗಳು ಸಿಡ್ನಿಯ ಈಗಿನ 20 ಕ್ಲಬ್‌ಗಳ ಪಟ್ಟಿಯಲ್ಲಿಲ್ಲ. ರ್‍ಯಾಂಡ್ವಿಕ್, ಪೀಟರ್‌ಶ್ಯಾಮ್ ಕೂಡಿಕೊಂಡು ಒಂದೇ ಆದವು. ಕ್ಲಬ್ ವಿಲೀನವಾದರೆ ಹಳೆಯ ಸ್ಕೋರ್‌ಬುಕ್‌ಗಳನ್ನು ಯಾರು ಇಟ್ಟುಕೊಳ್ಳಬೇಕು, ಹಳೆಯ ದಾಖಲೆ ಯಾರ ಲೆಕ್ಕಕ್ಕೆ ಎಂಬ ತಕರಾರು ಹುಟ್ಟುವುದು ಸಹಜ. ಸಣ್ಣ ವಿಷಯದಂತೆ ಕಾಣುತ್ತದೆ, ಆದರೆ ಅಜ್ಜನ ಹೆಸರು ಆ ಪುಸ್ತಕದಲ್ಲಿರುವವರಿಗೆ ಅಲ್ಲ.

ಆದರೂ ಬೇರು ಪೂರ್ತಿ ಕಿತ್ತಿಲ್ಲ. ಮ್ಯಾಕ್ಸ್‌ವಿಲ್ ಊರಿನ ಫಿಲಿಪ್ ಹ್ಯೂಸ್ ಹದಿಹರೆಯದಲ್ಲಿ ಸಿಡ್ನಿಗೆ ಬಂದು ವೆಸ್ಟರ್ನ್ ಸಬರ್ಬ್ಸ್ ಸೇರಿದ್ದರು. 2014ರ ನವೆಂಬರ್‌ನಲ್ಲಿ 63 ರನ್ ಮಾಡಿ ಆಡುತ್ತಿದ್ದಾಗ ಚೆಂಡು ತಗುಲಿ ಅವರು ತೀರಿಕೊಂಡಾಗ ದೇಶದ ಉದ್ದಗಲ ಮನೆ ಬಾಗಿಲು, ಕ್ಲಬ್ ಗೇಟುಗಳ ಮುಂದೆ ಜನ ಬ್ಯಾಟ್ ಒರಗಿಸಿಟ್ಟರು. ಯಾವ ಮಂಡಳಿಯೂ ಹೇಳಿ ಮಾಡಿಸಿದ್ದಲ್ಲ ಅದು.

ಬದಲಾಗುತ್ತಿರುವುದು ಹೆಸರುಗಳು. 1893ರಲ್ಲಿ ಸೆಂಟ್ರಲ್ ಕಂಬರ್‌ಲ್ಯಾಂಡ್ ಎಂದಿದ್ದ ಕ್ಲಬ್ ಇವತ್ತು ಪ್ಯಾರಮಾಟಾ. ಮುಂದೆ ಆಸ್ಟ್ರೇಲಿಯಾದ ನಾಯಕರಾದ ರಿಚಿ ಬೆನೊ 16ನೇ ವಯಸ್ಸಿಗೆ ಫಸ್ಟ್ ಗ್ರೇಡ್ ಆಡಿದ್ದು ಇಲ್ಲೇ, ಅದೂ ತಮ್ಮ ಅಪ್ಪನ ಜೊತೆ ಒಂದೇ ತಂಡದಲ್ಲಿ. ಅಪ್ಪ ಲೂ ಬೆನೊ ಕೂಡ ಲೆಗ್ ಸ್ಪಿನ್ನರ್. ಪ್ಯಾರಮಾಟಾ ಸುತ್ತಮುತ್ತ ಈಗ ಭಾರತೀಯ ಸಂಸಾರಗಳು ಜಾಸ್ತಿ, ಕನ್ನಡದ ಮನೆಗಳೂ ಇವೆ. ಅಲ್ಲಿಂದ ಅಷ್ಟೇನೂ ದೂರವಿಲ್ಲದ ಬ್ಲ್ಯಾಕ್‌ಟೌನ್‌ನಲ್ಲಿ ಹುಟ್ಟಿದ ಗುರಿಂದರ್ ಸಂಧು 2015ರ ಜನವರಿಯಲ್ಲಿ ಆಸ್ಟ್ರೇಲಿಯಾ ಪರ ಮೊದಲ ಏಕದಿನ ಆಡಿದರು, ಎದುರಾಳಿ ಭಾರತವೇ. 16 ವರ್ಷದೊಳಗಿನವರ ಗ್ರೀನ್ ಶೀಲ್ಡ್ ತಂಡಗಳ ಪಟ್ಟಿ ಓದಿದರೆ ಪಟೇಲ್, ಸಿಂಗ್, ರಾವ್‌ಗಳು ಸಿಗುತ್ತಾರೆ. ಪಂದ್ಯದ ದಿನ ಬೆಳಿಗ್ಗೆ ಅವರನ್ನು ಕಾರಿನಲ್ಲಿ ಮೈದಾನಕ್ಕೆ ಬಿಟ್ಟು, ಸಂಜೆಯವರೆಗೆ ಸ್ಕೋರ್ ಬರೆಯುತ್ತ ಕೂರುವವರು ಅವರ ಅಪ್ಪ ಅಮ್ಮಂದಿರೇ.