ಸುಳ್ಯದ ರಬ್ಬರ್ ತೋಟದ ತಮಿಳರು ಯುದ್ಧ ನಿರಾಶ್ರಿತರೇ?

ಪ್ರಶ್ನೆ: ಬೆಂಗಳೂರಿನ ನಮ್ಮ ಕಚೇರಿಯಲ್ಲಿ ಸುಳ್ಯದವರೊಬ್ಬರಿದ್ದಾರೆ. ಅವರ ಅಜ್ಜ ಸಿಲೋನಿನಿಂದ (ಇಂದಿನ ಶ್ರೀಲಂಕಾದಿಂದ) ಬಂದವರಂತೆ. ಎಲ್‌ಟಿಟಿಇ (ಪ್ರತ್ಯೇಕ ತಮಿಳು ರಾಷ್ಟ್ರಕ್ಕಾಗಿ ಹೋರಾಡಿದ ಸಂಘಟನೆ) ಯುದ್ಧದಿಂದ ಓಡಿಬಂದವರೇ? ಆ ಜಗಳದ ಮೂಲ ಯಾವುದು?

ಉತ್ತರ: ಸುಳ್ಯ, ಪುತ್ತೂರು ಭಾಗದ ಅರಣ್ಯ ಅಭಿವೃದ್ಧಿ ನಿಗಮದ ತೋಟಗಳಲ್ಲಿ ನಸುಕಿಗೇ ಟ್ಯಾಪಿಂಗ್‌ಗೆ ಹೊರಟು, ಚಿಪ್ಪಿಗಿಳಿದ ರಬ್ಬರ್ ಹಾಲನ್ನು ಬಕೆಟ್ಟಿಗೆ ಸುರಿದುಕೊಳ್ಳುವ ಈ ಕುಟುಂಬಗಳು ಹೆಚ್ಚಾಗಿ ಬಂದದ್ದು ಯುದ್ಧಕ್ಕೆ ಮೊದಲೇ, 1964ರಲ್ಲಿ ಭಾರತ, ಸಿಲೋನ್ ಪ್ರಧಾನಿಗಳು ಮಾಡಿಕೊಂಡ ಶಾಸ್ತ್ರಿ–ಸಿರಿಮಾವೊ ಒಪ್ಪಂದದಡಿ. ಬ್ರಿಟಿಷರು ಕಾಫಿ, ಚಹಾ ತೋಟಗಳಿಗೆಂದು ಕರೆದೊಯ್ದಿದ್ದ ಕೂಲಿಗಳ ವಂಶಸ್ಥರಾದ ಸುಮಾರು ಏಳು ಲಕ್ಷ ಜನರಿಗೆ 1948ರ ಸಿಲೋನ್ ಪೌರತ್ವ ಕಾಯ್ದೆಯಿಂದ ನಾಡೇ ಇಲ್ಲದಂತಾಗಿತ್ತು. 1964ರ ಹೊತ್ತಿಗೆ 9.75 ಲಕ್ಷದಷ್ಟಿದ್ದ ಅಂಥವರ ಪೈಕಿ 5.25 ಲಕ್ಷ ಜನರನ್ನು ಭಾರತ ಪಡೆಯಬೇಕು, 3 ಲಕ್ಷ ಜನರನ್ನು ಸಿಲೋನ್ ಉಳಿಸಿಕೊಳ್ಳಬೇಕು ಎಂದು ಎರಡು ಸರ್ಕಾರಗಳು ಹಂಚಿಕೊಂಡವು. ತಲೆ ಎಣಿಸಿ ಹಂಚುವಾಗ ಆ ಜನರನ್ನು ಕೇಳಿದವರು ಕಡಿಮೆ. ಯುದ್ಧದ ಕಾರಣಕ್ಕೆ 1984ರಲ್ಲಿ ತಲೈಮನ್ನಾರ್–ರಾಮೇಶ್ವರ ಹಡಗು ನಿಂತದ್ದರಿಂದ ಹಲವರು ಅಲ್ಲೇ ಉಳಿದರು.

ಜಗಳದ ಮೂಲದ ವಿಚಾರ ಇಷ್ಟು ಸಲೀಸಲ್ಲ. ಸಿಂಹಳ ರಾಷ್ಟ್ರವಾದಿಗಳು ಮಹಾವಂಶ ಎಂಬ ಪ್ರಾಚೀನ ಪಾಳಿ ಗ್ರಂಥ ಹೇಳುವ, ಸಿಂಹಳ ರಾಜ ದುಟುಗೆಮುನು ಮತ್ತು ತಮಿಳು ರಾಜ ಎಳಾರರ ಯುದ್ಧದಿಂದ ಕಥೆ ಆರಂಭಿಸಿದರೆ, ತಮಿಳು ರಾಷ್ಟ್ರವಾದಿಗಳು 1619ರಲ್ಲಿ ಪೋರ್ಚುಗೀಸರ ವಶವಾದ ಜಾಫ್ನಾ ರಾಜ್ಯವನ್ನು ನೆನಪಿಸುತ್ತಾರೆ. ನನಗಂತೂ ಸಿಂಹಳವೊಂದನ್ನೇ ಅಧಿಕೃತ ಭಾಷೆ ಮಾಡಿದ 1956ರ ‘ಸಿಂಹಳ ಮಾತ್ರ’ ಕಾಯ್ದೆ, 1981ರಲ್ಲಿ ಸುಟ್ಟ ಜಾಫ್ನಾ ಗ್ರಂಥಾಲಯ, 1983ರ ಜುಲೈನ ತಮಿಳರ ಹತ್ಯಾಕಾಂಡ ಹೆಚ್ಚು ಹತ್ತಿರದ ಕಾರಣಗಳಾಗಿ ಕಾಣುತ್ತವೆ. ಆದರೆ ಈ ಪಟ್ಟಿಯಲ್ಲೂ ಒಂದು ಸಮುದಾಯ ತಪ್ಪಿಹೋಗುತ್ತದೆ: 1990ರ ಅಕ್ಟೋಬರಿನಲ್ಲಿ ಎಲ್‌ಟಿಟಿಇ ಉತ್ತರ ಪ್ರಾಂತ್ಯದ ಸುಮಾರು 75,000 ಮುಸ್ಲಿಮರನ್ನು ಹೊರದಬ್ಬಿತು, ಜಾಫ್ನಾ ಪಟ್ಟಣದವರಿಗೆ ಸಿಕ್ಕ ಗಡುವು ಎರಡು ಗಂಟೆ. ಅವರೂ ತಮಿಳನ್ನೇ ಆಡುವವರು.

ನಮ್ಮ ಊರಿಗೂ ಇದರ ನಂಟಿದೆ. 1986ರ ನವೆಂಬರಿನಲ್ಲಿ ಬೆಂಗಳೂರಿನ ಸಾರ್ಕ್ ಶೃಂಗಸಭೆಗೆ ಬಂದ ಶ್ರೀಲಂಕಾ ಅಧ್ಯಕ್ಷ ಜಯವರ್ಧನೆಯವರೊಂದಿಗೆ ರಾಜೀವ್ ಗಾಂಧಿ ಮಾತುಕತೆ ನಡೆಸಿದರು, ಎಲ್‌ಟಿಟಿಇ ನಾಯಕ ಪ್ರಭಾಕರನ್‌ನನ್ನೂ ಇಲ್ಲಿಗೆ ಕರೆತರಲಾಗಿತ್ತು. ಶ್ರೀಲಂಕಾದ ಪೂರ್ವ ಪ್ರಾಂತ್ಯದ ವಿಚಾರದಲ್ಲಿ ಒಮ್ಮತ ಮೂಡಲಿಲ್ಲ.

ನಿಮ್ಮ ಸಹೋದ್ಯೋಗಿಯ ಅಜ್ಜ ಒಪ್ಪಂದದಡಿ ಬಂದಿದ್ದರೆ ಭಾರತದ ಪೌರತ್ವದೊಂದಿಗೇ ಬಂದಿರುತ್ತಾರೆ. 1983ರ ನಂತರ ದೋಣಿ ಹತ್ತಿ ಬಂದು ತಮಿಳುನಾಡಿನ ಶಿಬಿರ ಸೇರಿದವರಿಗೆ ಆ ಹಕ್ಕು ಇರಲಿಲ್ಲ. 2019ರ ಪೌರತ್ವ ತಿದ್ದುಪಡಿ ಕಾಯ್ದೆಯಲ್ಲೂ ಶ್ರೀಲಂಕಾದ ಹೆಸರಿಲ್ಲ.